ಪ್ರೊಸೆಸರಿನ ಭಾಷೆಯನ್ನು ಮೊದಲು ಕೇಳಿರಿ

ಯಂತ್ರದ ಭಾಗವೊಂದು ಮುರಿದು ಯಂತ್ರವು ನಿಂತುಹೋದರೆ ಕಾರಣವನ್ನು ಕಂಡುಹಿಡಿಯುವುದು ಅಷ್ಟೇನೂ ಕಷ್ಟವಲ್ಲ. ಯಾವ ಭಾಗವೂ ಕೆಡದೆ, ಎಲ್ಲವೂ ಸುಸ್ಥಿತಿಯಲ್ಲಿರುವಾಗಲೇ ಅದು ಕೆಲಸ ಮಾಡಲು ನಿರಾಕರಿಸಿದರೆ ನುರಿತವರೂ ತಬ್ಬಿಬ್ಬಾಗುವುದುಂಟು. ಗಣಕಯಂತ್ರಗಳನ್ನು ಅಭ್ಯಾಸ ಮಾಡುತ್ತಿರುವ ನಮ್ಮ ವಿದ್ಯಾರ್ಥಿಗಳಿಗೆ ಈ ಎರಡನೆಯ ಬಗೆಯ ತೊಡಕು ಎದುರಾಗುವ ಸಂದರ್ಭಗಳು ಈಚೆಗೆ ಹೆಚ್ಚುತ್ತಿವೆ. ಅವರು ಕೈಪಿಡಿಯಲ್ಲಿ ಹೇಳಿದಂತೆಯೇ ಒಂದು ವರ್ಚುವಲ್ ಮೆಷೀನನ್ನು ಸಿದ್ಧಪಡಿಸುತ್ತಾರೆ. ಆರಂಭಿಸುವ ಗುಂಡಿಯನ್ನು ಒತ್ತುತ್ತಾರೆ. ಪರದೆಯ ಮೇಲೆ ಒಂದೆರಡು ಸಾಲಿನ ದೂರು ಮೂಡಿ ಎಲ್ಲವೂ ಅಲ್ಲಿಗೇ ನಿಂತುಬಿಡುತ್ತದೆ. ತಂತ್ರಾಂಶವನ್ನು ಅಳಿಸಿ ಮತ್ತೊಮ್ಮೆ ಸ್ಥಾಪಿಸಿದರೂ ಫಲ ಅದೇ. ಅನೇಕ ವೇಳೆ ಈ ತೊಡಕಿನ ಮೂಲ ಇಷ್ಟೇ: ಅತಿಥಿಯಾಗಿ ಬಂದ ವ್ಯವಸ್ಥೆಯ ಭಾಷೆ ಒಂದು, ಅದಕ್ಕೆ ಆತಿಥ್ಯ ನೀಡಬೇಕಾದ ಪ್ರೊಸೆಸರಿನ ಭಾಷೆ ಇನ್ನೊಂದು. ಈ ಸಂಗತಿಯನ್ನು ಪಾಠದ ಆರಂಭದಲ್ಲೇ ಹೇಳಿಕೊಡಬೇಕು, ಪ್ರಯೋಗದ ಪ್ರತಿಯೊಂದು ಕೈಪಿಡಿಯ ಮೊದಲ ಸಾಲಿನಲ್ಲೇ ಬರೆಯಬೇಕು ಎಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಇಲ್ಲಿ ಓದುಗರ ಮುಂದಿಡುತ್ತೇವೆ.

ವರ್ಚುವಲ್ ಮೆಷೀನ್ ಎಂದರೇನು? ಒಂದು ಗಣಕದೊಳಗೆ ಇನ್ನೊಂದು ಗಣಕವು ಕುಳಿತಿದೆಯೋ ಎಂಬಂತೆ ತಂತ್ರಾಂಶದ ಬಲದಿಂದ ಮಾಡುವ ಏರ್ಪಾಡು ಅದು. ಕನ್ನಡದಲ್ಲಿ ಇದನ್ನು ಕಲ್ಪಿತ ಯಂತ್ರವೆಂದು ಕರೆಯಬಹುದು. ನಿಜವಾದ ಗಣಕಕ್ಕೆ ಆತಿಥೇಯ ಎಂದೂ ಒಳಗೆ ನಡೆಯುವ ಕಲ್ಪಿತ ಗಣಕಕ್ಕೆ ಅತಿಥಿ ಎಂದೂ ಹೆಸರು. ವಿಂಡೋಸ್ ಇರುವ ಯಂತ್ರದಲ್ಲಿ, ಆ ವಿಂಡೋಸನ್ನು ಅಳಿಸದೆಯೇ, ಲಿನಕ್ಸನ್ನು ಕಲಿಯಲು ಇದು ಬಹಳ ಅನುಕೂಲವಾದ ಮಾರ್ಗ. ಅತಿಥಿಯೊಳಗೆ ಏನನ್ನು ಕೆಡಿಸಿದರೂ ಆತಿಥೇಯಕ್ಕೆ ಸಾಮಾನ್ಯವಾಗಿ ತೊಂದರೆಯಿಲ್ಲ. ಒಂದೇ ಯಂತ್ರವನ್ನು ಅಣ್ಣತಂಗಿಯರು ಹಂಚಿಕೊಂಡು ಬಳಸುವ ಮನೆಯಲ್ಲಿ ಈ ನಿರ್ಭಯತೆಯ ಬೆಲೆ ದೊಡ್ಡದು.

ಈ ಮಾತನ್ನು ನಾವು ವಿಶೇಷವಾಗಿ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡದ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇವೆ. ಕಂದಾಯದ ಲೆಕ್ಕದಲ್ಲಿ ಈ ನಾಲ್ಕು ತಾಲ್ಲೂಕುಗಳು ತುಮಕೂರು ಜಿಲ್ಲೆಗೆ ಸೇರಿದವು. ಶಾಲಾಶಿಕ್ಷಣದ ಲೆಕ್ಕದಲ್ಲಿ ಮಧುಗಿರಿಯನ್ನು ಕೇಂದ್ರವಾಗಿ ಉಳ್ಳ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆ. ಬೆಂಗಳೂರಿನಿಂದ ಮಧುಗಿರಿಗೆ ಇರುವ ದೂರ ಸುಮಾರು ೧೦೦ ಕಿಲೋಮೀಟರು ಮಾತ್ರ. ಆದರೂ ಎರಡು ಊರುಗಳ ವಿದ್ಯಾರ್ಥಿಗಳ ಸ್ಥಿತಿ ಒಂದೇ ಅಲ್ಲ. ನಗರದಲ್ಲಿ ಯಂತ್ರವು ಹಟ ಹಿಡಿದರೆ ಕೇಳಲು ಪಕ್ಕದ ಮನೆಯಲ್ಲೋ ಪಕ್ಕದ ಬೀದಿಯಲ್ಲೋ ಒಬ್ಬ ತಂತ್ರಜ್ಞ ಸಿಕ್ಕಾನು. ಹಳ್ಳಿಯಿಂದ ಬಸ್ಸು ಹಿಡಿದು ತಾಲ್ಲೂಕಿನ ಕಾಲೇಜಿಗೆ ಬರುವ ವಿದ್ಯಾರ್ಥಿನಿಗೆ ಅಂಥ ನೆರವು ಅಪರೂಪ. ಅವಳ ಮುಂದಿರುವುದು ಯಂತ್ರವೊಂದು, ಅರ್ಥವಾಗದ ದೂರೊಂದು.

ಇದರಿಂದಾಗುವ ನಷ್ಟ ಎಷ್ಟೆಂಬುದನ್ನು ಲೆಕ್ಕ ಹಾಕಿ ನೋಡೋಣ. ೨೦೨೪ರಲ್ಲಿ ಹೊರಬಂದ ಉಬುಂಟು ೨೪.೦೪ ಎಂಬ ಲಿನಕ್ಸ್ ವ್ಯವಸ್ಥೆಯ ಸ್ಥಾಪನಾ ಕಡತದ ಗಾತ್ರ ಸುಮಾರು ೬ ಗಿಗಾಬೈಟು. ದಿನಕ್ಕೆ ಒಂದೂವರೆ ಗಿಗಾಬೈಟು ದೊರೆಯುವ ಮೊಬೈಲ್ ಯೋಜನೆಯನ್ನೇ ನಂಬಿದವರಿಗೆ ಇದನ್ನು ಇಳಿಸಿಕೊಳ್ಳಲು ನಾಲ್ಕು ದಿನಗಳ ಪಾಲು ಪೂರ್ತಿಯಾಗಿ ಬೇಕು. ಇಳಿಸಿಕೊಂಡದ್ದು ತಮ್ಮ ಪ್ರೊಸೆಸರಿಗೆ ಹೊಂದದ ಕಡತವಾಗಿದ್ದರೆ ಆ ನಾಲ್ಕು ದಿನಗಳೂ ವ್ಯರ್ಥ. ಮತ್ತೆ ನಾಲ್ಕು ದಿನ ಕಾಯಬೇಕು. ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಕಾರಣ ತಿಳಿಯದೆ ಸೋತ ವಿದ್ಯಾರ್ಥಿಯು ದೋಷವನ್ನು ತನ್ನ ಮೇಲೆಯೇ ಹೊತ್ತುಕೊಳ್ಳುತ್ತಾನೆ; ಈ ವಿದ್ಯೆ ತನ್ನಂಥವನಿಗೆ ಒಲಿಯುವುದಲ್ಲವೆಂದು ತೀರ್ಮಾನಿಸುತ್ತಾನೆ. ಕಡತದ ಹೆಸರಿನಲ್ಲಿದ್ದ ಐದಾರು ಅಕ್ಷರಗಳನ್ನು ಓದಲು ಯಾರೂ ಕಲಿಸದೆ ಹೋದದ್ದರಿಂದ ಒಬ್ಬನ ವಿದ್ಯಾಭ್ಯಾಸದ ದಿಕ್ಕೇ ಬದಲಾಗುವುದು ನ್ಯಾಯವೆ?

ಪ್ರೊಸೆಸರಿನ ಭಾಷೆ ಎಂಬ ಮಾತನ್ನು ನಾವು ಅಲಂಕಾರಕ್ಕಾಗಿ ಬಳಸುತ್ತಿಲ್ಲ. ಪ್ರತಿಯೊಂದು ಪ್ರೊಸೆಸರೂ ತನಗೆ ತಿಳಿದ ಕೆಲವು ನೂರು ಅಥವಾ ಕೆಲವು ಸಾವಿರ ಆದೇಶಗಳನ್ನು ಮಾತ್ರ ಪಾಲಿಸಬಲ್ಲುದು. ಕೂಡು, ಹೋಲಿಸು, ಸ್ಮೃತಿಯಿಂದ ತೆಗೆದುಕೊ, ಹಿಂದಕ್ಕೆ ಮರಳು ಎಂಬ ಬಗೆಯ ಸರಳ ಆದೇಶಗಳು ಅವು. ಒಂದೊಂದು ಆದೇಶಕ್ಕೂ ಒಂದು ಸಂಖ್ಯಾರೂಪವುಂಟು. ಈ ಆದೇಶಗಳ ಸಮೂಹಕ್ಕೆ ಆದೇಶಾವಳಿ ಎನ್ನೋಣ. ಪ್ರೊಸೆಸರಿನ ಆರ್ಕಿಟೆಕ್ಚರ್, ಅಂದರೆ ವಿನ್ಯಾಸ, ಎಂದು ಹೇಳುವಾಗ ತಂತ್ರಜ್ಞರು ಮುಖ್ಯವಾಗಿ ಸೂಚಿಸುವುದು ಇದನ್ನೇ. ಬಹುಪಾಲು ಮೇಜಿನ ಗಣಕಗಳಲ್ಲಿ ಇರುವ ಇಂಟೆಲ್ ಮತ್ತು ಎ.ಎಂ.ಡಿ. ಸಂಸ್ಥೆಗಳ ಪ್ರೊಸೆಸರುಗಳು ಎಕ್ಸ್-೮೬ ಎಂಬ ವಂಶಕ್ಕೆ ಸೇರಿದವು. ೧೯೭೮ರ ಇಂಟೆಲ್ ೮೦೮೬ ಆ ವಂಶದ ಮೂಲ. ನಮ್ಮ ಕೈಯಲ್ಲಿರುವ ಮೊಬೈಲ್ ಫೋನುಗಳ ಪ್ರೊಸೆಸರುಗಳು ಬಹುತೇಕ ಆರ್ಮ್ ಎಂಬ ಬೇರೊಂದು ವಂಶಕ್ಕೆ ಸೇರಿದವು. ಅದರ ಮೊದಲ ಚಿಪ್ಪು ೧೯೮೫ರಲ್ಲಿ ಇಂಗ್ಲೆಂಡಿನ ಏಕಾರ್ನ್ ಸಂಸ್ಥೆಯಲ್ಲಿ ಸಿದ್ಧವಾಯಿತು.

ಒಂದು ಉದಾಹರಣೆಯನ್ನು ನೋಡಿರಿ. ಒಪ್ಪಿಸಿದ ಕೆಲಸ ಮುಗಿಯಿತು, ಕರೆದಲ್ಲಿಗೆ ಹಿಂದಿರುಗು ಎಂಬ ಆದೇಶವನ್ನು ಎಕ್ಸ್-೮೬ ಭಾಷೆಯಲ್ಲಿ ೧೯೫ ಎಂಬ ಒಂದೇ ಬೈಟಿನಿಂದ ಹೇಳಬಹುದು. ೬೪ ಬಿಟ್ಟಿನ ಆರ್ಮ್ ಭಾಷೆಯಲ್ಲಿ ಅದೇ ಆದೇಶಕ್ಕೆ ೧೯೨, ೩, ೯೫, ೨೧೪ ಎಂಬ ನಾಲ್ಕು ಬೈಟುಗಳು ಬೇಕು. ಮೊದಲ ಭಾಷೆಯಲ್ಲಿ ಆದೇಶಗಳ ಉದ್ದ ಒಂದು ಬೈಟಿನಿಂದ ಹದಿನೈದು ಬೈಟಿನವರೆಗೆ ವ್ಯತ್ಯಾಸವಾಗುತ್ತದೆ. ಎರಡನೆಯದರಲ್ಲಿ ಎಲ್ಲ ಆದೇಶಗಳೂ ನಾಲ್ಕೇ ಬೈಟು. ಒಂದರ ಸಂಖ್ಯೆಗಳನ್ನು ಇನ್ನೊಂದಕ್ಕೆ ಉಣಿಸಿದರೆ ಬೇರೆಯೇ ಅರ್ಥ ಹುಟ್ಟುವುದು, ಇಲ್ಲವೆ ಅರ್ಥವೇ ಹುಟ್ಟದು.

ಪಾವಗಡದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾದ ಅಗತ್ಯವೇ ಇಲ್ಲವೆಂದು ತೋರುತ್ತದೆ. ಬಹುಭಾಗ ಆಂಧ್ರಪ್ರದೇಶದ ನೆಲದಿಂದ ಸುತ್ತುವರಿದಿರುವ ಆ ತಾಲ್ಲೂಕಿನಲ್ಲಿ ಕನ್ನಡವೂ ತೆಲುಗೂ ಜನರ ನಿತ್ಯದ ನುಡಿಗಳು. ಎರಡರ ಲಿಪಿಗಳು ಒಂದೇ ಮೂಲದವು. ದೂರದಿಂದ ನೋಡುವವನಿಗೆ ಎರಡೂ ಒಂದೇ ಎನಿಸಿದರೆ ಆಶ್ಚರ್ಯವಿಲ್ಲ. ಆದರೆ ‘ಎದ್ದು’ ಎಂಬ ಸದ್ದನ್ನು ಕೇಳಿದಾಗ ಕನ್ನಡಿಗನಿಗೆ ಹೊಳೆಯುವುದು ಮೇಲೇಳುವ ಕ್ರಿಯೆ, ತೆಲುಗರಿಗೆ ಹೊಳೆಯುವುದು ಎತ್ತು. ಸದ್ದು ಒಂದೇ, ಭಾಷೆ ಬೇರೆ, ಆದ್ದರಿಂದ ಅರ್ಥವೂ ಬೇರೆ. ಲಿನಕ್ಸಿನ ಎರಡು ಸ್ಥಾಪನಾ ಕಡತಗಳು ಹೊರನೋಟಕ್ಕೆ ಒಂದೇ ಬಗೆಯವಾಗಿ ಕಂಡರೂ ಒಳಗೆ ಎಕ್ಸ್-೮೬ ಮತ್ತು ಆರ್ಮ್ ಎಂಬ ಬೇರೆ ಬೇರೆ ನುಡಿಗಳನ್ನು ಅಡಗಿಸಿಕೊಂಡಿರಬಹುದು.

ಹಾಗಾದರೆ ಕಲ್ಪಿತ ಯಂತ್ರವು ಭಾಷಾಂತರ ಮಾಡುವುದಿಲ್ಲವೆ ಎಂದು ಕೇಳಬಹುದು. ಈ ಪ್ರಶ್ನೆಯ ಉತ್ತರದಲ್ಲೇ ಇಡೀ ವಿಷಯದ ತಿರುಳಿದೆ. ಸಾಮಾನ್ಯ ಕಲ್ಪಿತ ಯಂತ್ರವು ಭಾಷಾಂತರ ಮಾಡುವುದಿಲ್ಲ. ಅತಿಥಿಯ ಆದೇಶಗಳು ನೇರವಾಗಿ ನಿಜವಾದ ಪ್ರೊಸೆಸರಿನ ಮೇಲೆಯೇ ನಡೆಯುತ್ತವೆ. ಮೇಲ್ವಿಚಾರಕ ತಂತ್ರಾಂಶವು ಅಪಾಯಕರವಾದ ಕೆಲವನ್ನು ಮಾತ್ರ ತಡೆದು ತಾನೇ ನೋಡಿಕೊಳ್ಳುತ್ತದೆ. ಆದ್ದರಿಂದಲೇ ಅತಿಥಿಯು ಆತಿಥೇಯದಷ್ಟೇ ಚುರುಕಾಗಿ ಓಡಬಲ್ಲುದು. ಆದ್ದರಿಂದಲೇ ಇಬ್ಬರ ಭಾಷೆಯೂ ಒಂದೇ ಆಗಿರಬೇಕು. ಭಾಷೆ ಬೇರೆಯಾದರೆ ಎಮ್ಯುಲೇಟರ್ ಎಂಬ ಇನ್ನೊಂದು ಬಗೆಯ ತಂತ್ರಾಂಶದ ಮೊರೆಹೋಗಬೇಕು. ಫಾಬ್ರಿಸ್ ಬೆಲ್ಲಾರ್ ಎಂಬ ಫ್ರೆಂಚ್ ತಂತ್ರಜ್ಞರು ೨೦೦೩ರಲ್ಲಿ ಹೊರತಂದ ಕ್ಯುಎಮ್ಯು ಇಂಥದೊಂದು. ಅದು ಅತಿಥಿಯ ಆದೇಶಗಳನ್ನು ಗುಂಪುಗುಂಪಾಗಿ ಆತಿಥೇಯದ ಭಾಷೆಗೆ ಪರಿವರ್ತಿಸುತ್ತ ಹೋಗುತ್ತದೆ. ಕೆಲಸ ನಡೆಯುವುದು ನಿಜ. ವೇಗ ಮಾತ್ರ ಹಲವು ಪಟ್ಟು ಕುಗ್ಗುತ್ತದೆ.

ಪರಿವರ್ತನೆಗೆ ತೆರಬೇಕಾದ ಬೆಲೆ ಎಲ್ಲ ಕಡೆಯೂ ಒಂದೇ ಅಲ್ಲ. ಪಾವಗಡದ ತಿರುಮಣಿಯ ಸುತ್ತಿನ ೨,೦೫೦ ಮೆಗಾವಾಟಿನ ಸೌರ ಉದ್ಯಾನದಲ್ಲಿ ಫಲಕಗಳು ಕೊಡುವುದು ನೇರ ವಿದ್ಯುತ್ತು, ಜಾಲಕ್ಕೆ ಬೇಕಾದದ್ದು ಪರ್ಯಾಯ ವಿದ್ಯುತ್ತು, ನಡುವೆ ಇನ್ವರ್ಟರುಗಳಿವೆ. ಒಳ್ಳೆಯ ಇನ್ವರ್ಟರಿನಲ್ಲಿ ನಷ್ಟವಾಗುವುದು ನೂರಕ್ಕೆ ಎರಡು ಮೂರು ಪಾಲು ಮಾತ್ರ. ಪ್ರೊಸೆಸರಿನ ಭಾಷಾಂತರ ಅಷ್ಟು ಅಗ್ಗವಲ್ಲ. ಹಳೆಯ ಯಂತ್ರವೊಂದರಲ್ಲಿ ಅದನ್ನು ನಡೆಸಿದರೆ ಅತಿಥಿಯು ಏಳುವಷ್ಟರಲ್ಲಿ ಪ್ರಯೋಗದ ಅವಧಿಯೇ ಮುಗಿದುಹೋದೀತು.

ಈ ಪರಸ್ಪರ ಹೊಂದಾಣಿಕೆಯ ಸಮಸ್ಯೆ ಹೊಸದೇನೂ ಅಲ್ಲ. ಭಾರತದಲ್ಲಿ ಗಣಕಗಳು ಬಂದ ಮೊದಲ ದಿನಗಳಲ್ಲಿ ಒಂದೊಂದು ಯಂತ್ರವೂ ಒಂದೊಂದು ದ್ವೀಪವಾಗಿತ್ತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ೧೯೬೦ರಲ್ಲಿ ಕೆಲಸಕ್ಕೆ ತೊಡಗಿದ ಟಿಫ್ರಾಕ್ ಯಂತ್ರದ ಆದೇಶಗಳು ಕಾನ್ಪುರದ ಐ.ಐ.ಟಿ.ಗೆ ೧೯೬೩ರಲ್ಲಿ ಬಂದ ಐ.ಬಿ.ಎಂ. ೧೬೨೦ ಯಂತ್ರಕ್ಕೆ ತಿಳಿಯುತ್ತಿರಲಿಲ್ಲ. ಚಿಕ್ಕದರಿಂದ ದೊಡ್ಡದರವರೆಗೆ ಒಂದು ಶ್ರೇಣಿಯ ಎಲ್ಲ ಯಂತ್ರಗಳಿಗೂ ಒಂದೇ ಆದೇಶಾವಳಿ ಇರಲೆಂಬ ಸಂಕಲ್ಪದಿಂದ ಐ.ಬಿ.ಎಂ. ಸಂಸ್ಥೆ ೧೯೬೪ರಲ್ಲಿ ಸಿಸ್ಟಮ್-೩೬೦ ಶ್ರೇಣಿಯನ್ನು ಪ್ರಕಟಿಸಿತು. ಕಲ್ಪಿತ ಯಂತ್ರಗಳು ಹುಟ್ಟಿದ್ದು ಅದೇ ಸಂಸ್ಥೆಯ ಪ್ರಯೋಗಗಳಲ್ಲಿ, ೧೯೬೭ರ ಸುಮಾರಿಗೆ. ಎಂಥ ಪ್ರೊಸೆಸರಿನ ಮೇಲೆ ಕಲ್ಪಿತ ಯಂತ್ರವನ್ನು ನಿರ್ದುಷ್ಟವಾಗಿ ಕಟ್ಟಬಹುದೆಂಬುದಕ್ಕೆ ೧೯೭೪ರಲ್ಲಿ ಪೋಪೆಕ್ ಮತ್ತು ಗೋಲ್ಡ್‌ಬರ್ಗ್ ಎಂಬ ಇಬ್ಬರು ಗಣಿತದ ಖಚಿತತೆಯಿಂದ ನಿಯಮಗಳನ್ನು ಹೇಳಿದರು. ಎಕ್ಸ್-೮೬ ವಂಶವು ಬಹುಕಾಲ ಆ ನಿಯಮಗಳನ್ನು ಪಾಲಿಸುತ್ತಿರಲಿಲ್ಲ. ಆ ಕೊರತೆಯನ್ನು ತುಂಬಲು ೨೦೦೫ರಲ್ಲಿ ಇಂಟೆಲ್, ೨೦೦೬ರಲ್ಲಿ ಎ.ಎಂ.ಡಿ. ತಮ್ಮ ಪ್ರೊಸೆಸರುಗಳಿಗೆ ವಿಶೇಷ ಸೌಕರ್ಯವೊಂದನ್ನು ಸೇರಿಸಿದವು. ಇಂಟೆಲಿನ ಸೌಕರ್ಯಕ್ಕೆ ವಿ.ಟಿ.-ಎಕ್ಸ್ ಎಂದೂ ಎ.ಎಂ.ಡಿ.ಯದಕ್ಕೆ ಎ.ಎಂ.ಡಿ.-ವಿ ಎಂದೂ ಹೆಸರು. ಈ ಹೆಸರುಗಳನ್ನು ನೆನಪಿಡಬೇಕು, ಮುಂದೆ ಬೇಕಾಗುವುವು.

ಇನ್ನು ಕಲ್ಪಿತ ಯಂತ್ರವು ಏಳದಿರುವ ಸಂದರ್ಭಗಳನ್ನು ವಿಂಗಡಿಸೋಣ. ಅವು ನಾಲ್ಕು.

ಮೊದಲನೆಯದು ವಂಶವೇ ಬೇರೆಯಾಗಿರುವ ಸಂದರ್ಭ. ಆಪಲ್ ಸಂಸ್ಥೆಯು ೨೦೨೦ರ ನವೆಂಬರಿನಲ್ಲಿ ಎಂ-೧ ಎಂಬ ಆರ್ಮ್ ವಂಶದ ಪ್ರೊಸೆಸರಿನ ಗಣಕಗಳನ್ನು ಹೊರತಂದಿತು. ೨೦೨೪ರಲ್ಲಿ ಸ್ನ್ಯಾಪ್‌ಡ್ರಾಗನ್ ಎಕ್ಸ್ ಎಂಬ ಆರ್ಮ್ ಪ್ರೊಸೆಸರುಳ್ಳ ವಿಂಡೋಸ್ ಯಂತ್ರಗಳು ಪೇಟೆಗೆ ಬಂದವು. ಇವುಗಳಲ್ಲಿ ಎಕ್ಸ್-೮೬ಕ್ಕಾಗಿ ಬರೆದ ಬಿಡಿ ತಂತ್ರಾಂಶಗಳನ್ನು ಭಾಷಾಂತರಿಸಿ ನಡೆಸುವ ಏರ್ಪಾಡಿದೆ. ಅದನ್ನು ಕಂಡವರು ಎಕ್ಸ್-೮೬ ಕಲ್ಪಿತ ಯಂತ್ರವೂ ಹಾಗೆಯೇ ನಡೆದೀತೆಂದು ಭಾವಿಸುವುದು ಸಹಜ. ಆದರೆ ಆ ಏರ್ಪಾಡು ಬಿಡಿ ತಂತ್ರಾಂಶಗಳಿಗೆ ಮಾತ್ರ. ಇಡೀ ಅತಿಥಿ ವ್ಯವಸ್ಥೆಯನ್ನು ಹೊರುವ ಹೊಣೆ ಅದರದಲ್ಲ.

ಎರಡನೆಯದು ವಂಶ ಒಂದೇ ಆಗಿ ಅಗಲವು ಬೇರೆಯಾಗಿರುವ ಸಂದರ್ಭ. ೩೨ ಬಿಟ್ಟಿನ ವಿಳಾಸದಿಂದ ಗುರುತಿಸಬಹುದಾದ ಸ್ಮೃತಿಯ ಸ್ಥಾನಗಳು ೪೨೯ ಕೋಟಿಗೆ ತುಸು ಹೆಚ್ಚು, ಅಂದರೆ ೪ ಗಿಗಾಬೈಟು. ಅದು ಸಾಲದೆ ಹೋದಾಗ ೬೪ ಬಿಟ್ಟಿನ ಪ್ರೊಸೆಸರುಗಳು ಬಂದವು. ೬೪ ಬಿಟ್ಟಿನ ಪ್ರೊಸೆಸರು ೩೨ ಬಿಟ್ಟಿನ ಹಳೆಯ ಆದೇಶಗಳನ್ನು ಅರಿಯಬಲ್ಲುದು. ಹಳೆಯದು ಹೊಸದನ್ನು ಅರಿಯದು. ೨೦೦೮ರ ಸುಮಾರಿನಲ್ಲಿ ಅಗ್ಗದ ಕಿರುಗಣಕಗಳಲ್ಲಿ ಬಂದ ಆಟಂ ಎನ್-೨೭೦ ಪ್ರೊಸೆಸರು ೩೨ ಬಿಟ್ಟಿನದು; ಅದರಲ್ಲಿ ವಿ.ಟಿ.-ಎಕ್ಸ್ ಕೂಡ ಇಲ್ಲ. ದಾನವಾಗಿಯೋ ಹಳೆಯ ಸರಕಾಗಿಯೋ ಬಂದ ಇಂಥ ಯಂತ್ರದ ಮೇಲೆ ಇಂದಿನ ಲಿನಕ್ಸನ್ನು ಅತಿಥಿಯಾಗಿ ಏಳಿಸಲು ಹೊರಟರೆ ಸೋಲು ಖಂಡಿತ. ಡೆಬಿಯನ್ ಎಂಬ ಪ್ರಸಿದ್ಧ ಲಿನಕ್ಸ್ ಕೂಡ ೨೦೨೫ರ ಆಗಸ್ಟಿನಲ್ಲಿ ಬಂದ ತನ್ನ ೧೩ನೆಯ ಆವೃತ್ತಿಯಿಂದ ೩೨ ಬಿಟ್ಟಿನ ಎಕ್ಸ್-೮೬ ಗಣಕಗಳಲ್ಲಿ ಸ್ಥಾಪಿಸುವ ಸೌಲಭ್ಯವನ್ನು ಕೈಬಿಟ್ಟಿದೆ. ಪ್ರೊಸೆಸರು ೬೪ ಬಿಟ್ಟಿನದಾಗಿದ್ದು, ಕಲ್ಪಿತ ಯಂತ್ರವನ್ನು ರಚಿಸುವಾಗ ಕಣ್ತಪ್ಪಿನಿಂದ ೩೨ ಬಿಟ್ಟನ್ನು ಆರಿಸಿದ್ದರೂ ಇದೇ ದೂರು ಬರಬಹುದು.

ಮೂರನೆಯದು ಸೂಕ್ಷ್ಮವಾದದ್ದು. ವಂಶವೂ ಅಗಲವೂ ಒಂದೇ. ಆದರೆ ಅತಿಥಿಯು ಹೊಸ ಶಬ್ದಗಳನ್ನು ಬಳಸುತ್ತದೆ. ಭಾಷೆ ಬೆಳೆದಂತೆ ನಿಘಂಟೂ ಬೆಳೆಯುವುದಲ್ಲವೆ? ೨೦೨೨ರಲ್ಲಿ ಬಂದ ರೆಡ್ ಹ್ಯಾಟ್ ಲಿನಕ್ಸಿನ ೯ನೆಯ ಆವೃತ್ತಿಯು ಸುಮಾರು ೨೦೦೮ರ ಅನಂತರದ ಇಂಟೆಲ್ ಪ್ರೊಸೆಸರುಗಳಿಗೆ ತಿಳಿದಿರುವ ಆದೇಶಗಳನ್ನು ನಿರೀಕ್ಷಿಸುತ್ತದೆ. ೨೦೨೫ರ ೧೦ನೆಯ ಆವೃತ್ತಿಯು ಸುಮಾರು ೨೦೧೩ರ ಅನಂತರದ ಆದೇಶಗಳನ್ನು ನಿರೀಕ್ಷಿಸುತ್ತದೆ. ಪ್ರೊಸೆಸರು ಹೊಸದಾಗಿದ್ದರೂ ಮೇಲ್ವಿಚಾರಕ ತಂತ್ರಾಂಶವು ಅತಿಥಿಗೆ ಹಳೆಯ ಮಾದರಿಯ ಪ್ರೊಸೆಸರನ್ನು ತೋರಿಸುತ್ತಿದ್ದರೆ ಅತಿಥಿಯು ಏಳಲಾರದು. ಆಗ ಆತಿಥೇಯದ ನಿಜವಾದ ಪ್ರೊಸೆಸರನ್ನೇ ಅತಿಥಿಗೂ ತೋರಿಸುವಂತೆ ಆಯ್ಕೆಯನ್ನು ಬದಲಿಸಿದರೆ ಸಾಕು.

ನಾಲ್ಕನೆಯದರಲ್ಲಿ ಭಾಷೆಯೆಲ್ಲ ಸರಿಯಿದ್ದು ಬಾಗಿಲು ಮಾತ್ರ ಮುಚ್ಚಿರುತ್ತದೆ. ವಿ.ಟಿ.-ಎಕ್ಸ್ ಅಥವಾ ಎ.ಎಂ.ಡಿ.-ವಿ ಸೌಕರ್ಯವು ಪ್ರೊಸೆಸರಿನಲ್ಲಿದ್ದರೂ ಬಯಾಸ್ ಎಂಬ ಮೂಲ ತಂತ್ರಾಂಶದಲ್ಲಿ ಅದನ್ನು ಆರಿಸಿಟ್ಟಿರಬಹುದು. ಇಲ್ಲವೆ ವಿಂಡೋಸಿನ ಹೈಪರ್-ವಿ ಅದನ್ನು ಮೊದಲೇ ವಶಪಡಿಸಿಕೊಂಡಿರಬಹುದು. ವರ್ಚುವಲ್‌ಬಾಕ್ಸ್ ಎಂಬ ಜನಪ್ರಿಯ ತಂತ್ರಾಂಶವು ೨೦೧೯ರ ೬.೧ನೆಯ ಆವೃತ್ತಿಯಿಂದೀಚೆಗೆ ಈ ಸೌಕರ್ಯವಿಲ್ಲದೆ ಕೆಲಸವನ್ನೇ ಮಾಡದು. ಇದು ಹೊಂದಾಣಿಕೆಯ ದೋಷದಂತೆಯೇ ಕಾಣುವುದರಿಂದ ಇಲ್ಲಿ ಸೇರಿಸಿದ್ದೇವೆ.

ಹೀಗಿರುವಾಗ ವಿದ್ಯಾರ್ಥಿಯು ಮಾಡಬೇಕಾದದ್ದೇನು? ಪರದೆಯ ಮೇಲಿನ ದೂರನ್ನು ಮೊದಲು ಪೂರ್ತಿಯಾಗಿ ಓದಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕು. ‘ಈ ವ್ಯವಸ್ಥೆಗೆ ೬೪ ಬಿಟ್ಟಿನ ಪ್ರೊಸೆಸರು ಬೇಕು, ಇಲ್ಲಿ ೩೨ ಬಿಟ್ಟಿನದು ಮಾತ್ರ ಕಾಣುತ್ತಿದೆ’ ಎಂಬ ಅರ್ಥದ ದೂರನ್ನು ಲಿನಕ್ಸ್ ಎಷ್ಟೋ ವರ್ಷಗಳಿಂದ ಸ್ಪಷ್ಟವಾಗಿಯೇ ಹೇಳುತ್ತ ಬಂದಿದೆ. ಅದನ್ನು ಓದುವ ಮೊದಲೇ ಕಿಟಕಿಯನ್ನು ಮುಚ್ಚಿಬಿಡುವುದು ನಮ್ಮ ಅಭ್ಯಾಸ. ಎರಡನೆಯದಾಗಿ ಆತಿಥೇಯವನ್ನು ವಿಚಾರಿಸಬೇಕು. ವಿಂಡೋಸಿನ ಸೆಟ್ಟಿಂಗ್ಸಿನಲ್ಲಿ ‘ಸಿಸ್ಟಮ್ ಟೈಪ್’ ಎಂಬ ಸಾಲು ಪ್ರೊಸೆಸರಿನ ವಂಶವನ್ನೂ ಅಗಲವನ್ನೂ ಹೇಳುತ್ತದೆ. ಟಾಸ್ಕ್ ಮ್ಯಾನೇಜರಿನ ‘ಪರ್ಫಾರ್ಮೆನ್ಸ್’ ಪುಟವು ವರ್ಚುವಲೈಸೇಷನ್ ತೆರೆದಿದೆಯೋ ಮುಚ್ಚಿದೆಯೋ ಎಂಬುದನ್ನು ತಿಳಿಸುತ್ತದೆ. ಲಿನಕ್ಸಿನಲ್ಲಿ ‘ಎಲ್‌ಎಸ್‌ಸಿಪಿಯು’ ಎಂಬ ಒಂದು ಕಮಾಂಡು ಈ ವಿವರಗಳ ಬಹುಪಾಲನ್ನು ಒಟ್ಟಿಗೆ ಕೊಡುತ್ತದೆ. ಮೂರನೆಯದಾಗಿ ಅತಿಥಿಯನ್ನು ವಿಚಾರಿಸಬೇಕು. ಸ್ಥಾಪನಾ ಕಡತದ ಹೆಸರಿನಲ್ಲಿ ಐ-೩೮೬ ಎಂದಿದ್ದರೆ ಅದು ೩೨ ಬಿಟ್ಟಿನ ಎಕ್ಸ್-೮೬; ಎ.ಎಂ.ಡಿ.-೬೪ ಎಂದಿದ್ದರೆ ೬೪ ಬಿಟ್ಟಿನ ಎಕ್ಸ್-೮೬. ಆರ್ಮ್-೬೪ ಎಂದಿದ್ದರೆ ೬೪ ಬಿಟ್ಟಿನ ಆರ್ಮ್. ಇಲ್ಲೊಂದು ಎಚ್ಚರಿಕೆ. ನಮ್ಮ ಯಂತ್ರ ಇಂಟೆಲಿನದು, ಎ.ಎಂ.ಡಿ. ಹೆಸರಿನ ಕಡತ ನಮಗಲ್ಲ ಎಂದು ತಿಳಿಯಬಾರದು. ಎಕ್ಸ್-೮೬ ಭಾಷೆಯನ್ನು ೬೪ ಬಿಟ್ಟಿಗೆ ವಿಸ್ತರಿಸಿ ೨೦೦೩ರಲ್ಲಿ ಮೊದಲು ಚಿಪ್ಪಿನಲ್ಲಿ ತಂದವರು ಎ.ಎಂ.ಡಿ.ಯವರಾದ್ದರಿಂದ ಆ ಹೆಸರು ನಿಂತಿತು. ೨೦೦೪ರಲ್ಲಿ ಇಂಟೆಲ್ ಅದನ್ನೇ ಅಂಗೀಕರಿಸಿತು. ಈ ಎರಡು ಉತ್ತರಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಿದರೆ ಕಾರಣವು ಬಹುತೇಕ ತಾನಾಗಿಯೇ ಗೋಚರಿಸುವುದು. ಹೋಲಿಕೆಯನ್ನು ಕಡತ ಇಳಿಸಿಕೊಳ್ಳುವ ಮೊದಲೇ ಮಾಡಿದರೆ ನಾಲ್ಕು ದಿನಗಳು ಉಳಿಯುವುವು.

ನಮ್ಮ ಸಲಹೆಗೆ ಆಕ್ಷೇಪಣೆಗಳು ಬರಬಹುದು. ಯಂತ್ರವನ್ನು ಬಳಸಲು ಬಂದರೆ ಸಾಕು, ಅದರ ಒಳಗನ್ನು ಕೆದಕುವುದು ಆರಂಭದ ವಿದ್ಯಾರ್ಥಿಗೆ ಹೊರೆ ಎಂಬುದು ಮೊದಲನೆಯ ಆಕ್ಷೇಪಣೆ. ಇದರಲ್ಲಿ ಅರ್ಧ ಸತ್ಯವಿದೆ. ಸಿ ಅಥವಾ ಪೈಥಾನ್ ಭಾಷೆಯ ಮೊದಲ ಪಾಠಗಳಿಗೆ ಕಲ್ಪಿತ ಯಂತ್ರವೇ ಬೇಡ. ಬೇಡದ ಕಡೆ ಅದನ್ನು ಹೇರುವುದನ್ನು ನಾವೂ ಒಪ್ಪುವುದಿಲ್ಲ. ಆದರೆ ಒಮ್ಮೆ ಕಲ್ಪಿತ ಯಂತ್ರವನ್ನು ಪಾಠಕ್ಕೆ ತಂದ ಮೇಲೆ ಅದು ಏಳದಿರುವ ಕಾರಣವನ್ನು ಮರೆಮಾಡುವುದು ಸರಿಯಲ್ಲ. ಬಲ್ಬನ್ನು ಹತ್ತಿಸುವವನಿಗೆ ಓಮನ ನಿಯಮ ಬೇಡ. ಮಂಡಲವನ್ನು ಜೋಡಿಸುವವನಿಗೆ ಬೇಕು.

ಎಲ್ಲರಿಗೂ ಒಂದೇ ಬಗೆಯ ಯಂತ್ರಗಳನ್ನು ಕೊಡಿಸಿದರೆ ಸಮಸ್ಯೆಯೇ ಇರದೆಂಬುದು ಎರಡನೆಯದು. ಪ್ರಯೋಗಶಾಲೆಯ ಯಂತ್ರಗಳು ಬೇರೆ ಬೇರೆ ವರ್ಷಗಳಲ್ಲಿ ಬರುತ್ತವೆ. ವಿದ್ಯಾರ್ಥಿಯ ಮನೆಯ ಯಂತ್ರ ಅವನ ಮನೆಯವರ ಶಕ್ತಿಯನ್ನು ಅನುಸರಿಸಿ ಬರುತ್ತದೆ. ಏಕರೂಪತೆಯನ್ನು ಕಾಯುತ್ತ ಕುಳಿತರೆ ಅದು ಬರುವ ಹೊತ್ತಿಗೆ ಈಗಿನ ವಿದ್ಯಾರ್ಥಿಗಳ ಓದು ಮುಗಿದಿರುತ್ತದೆ. ಮೇಲಾಗಿ ವೈವಿಧ್ಯವು ಹೆಚ್ಚುತ್ತಲೇ ಇದೆ. ೨೦೧೦ರಲ್ಲಿ ಅಮೆರಿಕದ ಬರ್ಕಲಿಯಲ್ಲಿ ಆರಂಭವಾದ ರಿಸ್ಕ್-ಫೈವ್ ಎಂಬ ಮುಕ್ತ ಆದೇಶಾವಳಿಯನ್ನು ಆಧರಿಸಿ ಮದರಾಸಿನ ಐ.ಐ.ಟಿ.ಯವರು ಶಕ್ತಿ ಎಂಬ ಪ್ರೊಸೆಸರುಗಳನ್ನು ರೂಪಿಸಿದ್ದಾರೆ. ನಾಳಿನ ಪ್ರಯೋಗಶಾಲೆಯಲ್ಲಿ ಮೂರು ಭಾಷೆಗಳು ಇರಬಹುದು.

ಎಲ್ಲ ಕೆಲಸವನ್ನೂ ದೂರದ ಕ್ಲೌಡ್ ಗಣಕಗಳಲ್ಲಿ ಮಾಡಿಸಿದರೆ ಈ ಗೊಡವೆಯಿಲ್ಲವೆಂಬುದು ಮೂರನೆಯದು. ಅಮೆಜಾನ್ ಸಂಸ್ಥೆಯು ೨೦೧೮ರಿಂದ ಗ್ರಾವಿಟಾನ್ ಎಂಬ ಆರ್ಮ್ ಪ್ರೊಸೆಸರುಗಳನ್ನೂ ಅಲ್ಲಿ ಬಾಡಿಗೆಗೆ ಕೊಡುತ್ತಿದೆ. ಆದ್ದರಿಂದ ಅಲ್ಲಿಯೂ ಯಾವ ಭಾಷೆ ಎಂಬ ಪ್ರಶ್ನೆಗೆ ಉತ್ತರ ಹೇಳಿಯೇ ಮುಂದುವರಿಯಬೇಕು.

ಹಾಗಾದರೆ ಆಗಬೇಕಾದದ್ದೇನು? ಹಣವಾಗಲಿ ಸರ್ಕಾರದ ಹೊಸ ಯೋಜನೆಯಾಗಲಿ ಬೇಡದ ಮೂರು ಕೆಲಸಗಳನ್ನು ಸೂಚಿಸುತ್ತೇವೆ. ಒಂದು, ಪ್ರಯೋಗದ ಪ್ರತಿಯೊಂದು ಕೈಪಿಡಿಯ ಆರಂಭದಲ್ಲಿ ‘ಈ ಪ್ರಯೋಗವು ಇಂಥ ವಂಶದ, ಇಷ್ಟು ಬಿಟ್ಟಿನ ಪ್ರೊಸೆಸರಿಗಾಗಿ’ ಎಂಬ ಒಂದು ಸಾಲು ಇರಲಿ. ಔಷಧದ ಸೀಸೆಯ ಮೇಲೆ ಪ್ರಮಾಣವನ್ನು ಬರೆದಂತೆ ಅದು ಕಡ್ಡಾಯವಾಗಲಿ. ಎರಡು, ಪ್ರಯೋಗಶಾಲೆಯ ಪ್ರತಿಯೊಂದು ಯಂತ್ರಕ್ಕೂ ಅದರ ಪ್ರೊಸೆಸರಿನ ವಂಶ, ಅಗಲ, ವಿ.ಟಿ.-ಎಕ್ಸ್ ಸೌಕರ್ಯದ ಸ್ಥಿತಿ ಇವನ್ನು ಬರೆದ ಚೀಟಿಯನ್ನು ವಿದ್ಯಾರ್ಥಿಗಳಿಂದಲೇ ಬರೆಸಿ ಅಂಟಿಸಲಿ. ಇದನ್ನೇ ಮೊದಲ ಪ್ರಯೋಗವಾಗಿ ಮಾಡಿಸಲಿ. ಮೂರು, ಹೊಂದುವ ಕಡತಗಳನ್ನು ಕಾಲೇಜಿನಲ್ಲಿ ಒಮ್ಮೆ ಇಳಿಸಿ ಪೆನ್‌ಡ್ರೈವಿನಲ್ಲಿ ಎಲ್ಲರಿಗೂ ಹಂಚಲಿ. ಲಿನಕ್ಸಿನಂಥ ಮುಕ್ತ ತಂತ್ರಾಂಶವನ್ನು ಹೀಗೆ ಹಂಚಲು ಯಾವ ಅಡ್ಡಿಯೂ ಇಲ್ಲ.

ಇವುಗಳ ಜೊತೆಗೆ ಸಣ್ಣದೊಂದು ಪ್ರಯೋಗವನ್ನೂ ಸೂಚಿಸುತ್ತೇವೆ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಗಣಕವು ೨೦೧೨ರಿಂದ ಲಭ್ಯವಿದೆ; ಅದರ ಪ್ರೊಸೆಸರು ಆರ್ಮ್ ವಂಶದ್ದು. ಎರಡು ಸಂಖ್ಯೆಗಳನ್ನು ಕೂಡುವ ಸಿ ಭಾಷೆಯ ಒಂದೇ ಬರಹವನ್ನು ಅದರಲ್ಲಿಯೂ ಲಿನಕ್ಸ್ ಇರುವ ಮೇಜಿನ ಗಣಕದಲ್ಲಿಯೂ ಕಂಪೈಲ್ ಮಾಡಿರಿ. ಎರಡು ಕಡೆಯೂ ಸರಿಯಾದ ಉತ್ತರ ಬರುತ್ತದೆ. ಬಳಿಕ ಒಂದರಲ್ಲಿ ಸಿದ್ಧವಾದ ಕಡತವನ್ನು ಇನ್ನೊಂದಕ್ಕೆ ಒಯ್ದು ನಡೆಸಲು ಪ್ರಯತ್ನಿಸಿರಿ. ಕಡತದ ರೂಪವೇ ತಪ್ಪೆಂದು ಯಂತ್ರವು ನಿರಾಕರಿಸುವುದು. ಮನುಷ್ಯ ಬರೆದ ಮೂಲಪಾಠ ಎಲ್ಲ ಕಡೆಗೂ ಸಲ್ಲುತ್ತದೆ, ಪ್ರೊಸೆಸರಿನ ಭಾಷೆಗೆ ಇಳಿದ ಪಾಠ ಅದರ ವಂಶಕ್ಕೆ ಮಾತ್ರ ಸಲ್ಲುತ್ತದೆ ಎಂಬ ತತ್ತ್ವವನ್ನು ಹತ್ತು ಪುಟಗಳ ವಿವರಣೆಗಿಂತ ಈ ಹತ್ತು ನಿಮಿಷಗಳ ಪ್ರಯೋಗ ಚೆನ್ನಾಗಿ ಮನಗಾಣಿಸುವುದು.

ಈ ವಿದ್ಯೆ ನಮಗೆ ದೂರದ್ದೆಂದು ಭಾವಿಸಲು ಕಾರಣವಿಲ್ಲ. ಬೆಂಗಳೂರಿನ ವಿಜ್ಞಾನಿಗಳೂ ತಂತ್ರಜ್ಞರೂ ರೂಪಿಸಿ, ೨೦೦೪ರಲ್ಲಿ ಪೇಟೆಗೆ ಬಂದ ಸಿಂಪ್ಯೂಟರ್ ಎಂಬ ಅಂಗೈ ಗಣಕದಲ್ಲಿದ್ದದ್ದು ಆರ್ಮ್ ವಂಶದ ಪ್ರೊಸೆಸರು. ೨೦೦೮ರಲ್ಲಿ ಹೊರಬಂದ, ಆರು ತಿರುಳುಗಳುಳ್ಳ ಇಂಟೆಲಿನ ಕ್ಸಿಯಾನ್ ೭೪೦೦ ಎಂಬ ಎಕ್ಸ್-೮೬ ಪ್ರೊಸೆಸರಿನ ವಿನ್ಯಾಸ ನಡೆದದ್ದೂ ಬೆಂಗಳೂರಿನಲ್ಲಿಯೇ. ಹೀಗೆ ಎರಡು ವಂಶಗಳ ಕೆಲಸವೂ ನಮ್ಮ ನಾಡಿನಲ್ಲಿ ನಡೆದಿದೆ. ಅಲ್ಲಿಂದ ಎರಡು ಮೂರು ಗಂಟೆಗಳ ಬಸ್ಸಿನ ದಾರಿಯಲ್ಲಿರುವ ಕೊರಟಗೆರೆಯ ವಿದ್ಯಾರ್ಥಿಗೆ ತನ್ನ ಮುಂದಿನ ಪ್ರೊಸೆಸರು ಯಾವ ವಂಶದ್ದೆಂಬುದು ತಿಳಿಯದಿದ್ದರೆ ಕೊರತೆ ಅವನದಲ್ಲ, ಹೇಳಿಕೊಡಬೇಕಾದವರದು.

ಹೇಳಿಕೊಡುವುದು ಕನ್ನಡದಲ್ಲಿಯೂ ಆಗಬೇಕು. ತುಮಕೂರು ಸೀಮೆಯ ಬೆಳ್ಳಾವೆಯ ಹೆಸರನ್ನು ಹೊತ್ತ ಬೆಳ್ಳಾವೆ ವೆಂಕಟನಾರಣಪ್ಪನವರು ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆಯನ್ನು ೧೯೧೮ರಷ್ಟು ಹಿಂದೆಯೇ ನಡೆಸತೊಡಗಿದರು. ಆಗ ಹೊಸದಾಗಿದ್ದ ಭೌತ, ರಸಾಯನ ಶಾಸ್ತ್ರಗಳನ್ನು ಕನ್ನಡದಲ್ಲಿ ಹೇಳಲು ಸಾಧ್ಯವಾದರೆ ಇಂದು ಪರದೆಯ ಮೇಲೆ ಮೂಡುವ ಒಂದೆರಡು ಸಾಲಿನ ದೂರಿನ ಅರ್ಥವನ್ನು ಕನ್ನಡದಲ್ಲಿ ಬರೆದು ಪ್ರಯೋಗಶಾಲೆಯ ಗೋಡೆಗೆ ಅಂಟಿಸುವುದು ಅಸಾಧ್ಯವೇನಲ್ಲ. ನಾಲ್ಕು ಸಂದರ್ಭಗಳು, ಅವುಗಳ ನಾಲ್ಕು ದೂರುಗಳು, ನಾಲ್ಕು ಪರಿಹಾರಗಳು: ಒಂದು ಹಾಳೆ ಸಾಕು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಅಧ್ಯಾಪಕರು ಕೂಡಿ ಆ ಹಾಳೆಯನ್ನು ಈ ವರ್ಷವೇ ಸಿದ್ಧಪಡಿಸಲೆಂದೂ, ವಿದ್ಯಾರ್ಥಿಗಳು ಮುಂದಿನ ಕಡತವನ್ನು ಇಳಿಸಿಕೊಳ್ಳುವ ಮೊದಲು ಅದನ್ನು ಓದಲೆಂದೂ ನಾವು ಆಶಿಸುತ್ತೇವೆ.